ಗಡ್ಡೆ ಬಂದ ಇಲಿಗಳ ಚಿತ್ರ ನೋಡಿ ಕುಲಾಂತರಿ ಆಹಾರಕ್ಕೆ ಹೆದರಬೇಕೇ?

ಪ್ರಶ್ನೆ: ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನು ಸೇರಿಸಿದ ಬೆಳೆಗಳ ವಿಷಯಕ್ಕೆ ನಮ್ಮ ಮನೆಯಲ್ಲಿ ದಿನಾ ಜಗಳ. ಮೈಮೇಲೆ ದೊಡ್ಡ ದೊಡ್ಡ ಗಡ್ಡೆ ಎದ್ದ ಇಲಿಗಳ ಚಿತ್ರವನ್ನು ಅಕ್ಕ ಮೊಬೈಲಿನಲ್ಲಿ ತೋರಿಸಿ, ಇದನ್ನು ತಿಂದರೆ ಕ್ಯಾನ್ಸರ್ ಗ್ಯಾರಂಟಿ ಅನ್ನುತ್ತಾಳೆ. ಭಾವ ನಗುತ್ತಾರೆ. ಸುಮಾರು ಮೂವತ್ತು ವರ್ಷದಿಂದ ಜನ ತಿನ್ನುತ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ ಅನ್ನುವುದು ಅವರ ವಾದ. ನನ್ನ ಅನುಮಾನ ಬೇರೆ. ಬೇರೆ ಜೀವಿಯ ಜೀನು ತಿಂದರೆ ಅದು ನಮ್ಮ ಮೈಗೆ ಸೇರಿಕೊಳ್ಳುವುದಿಲ್ಲವೇ? ಅಡುಗೆಯ ಸೋಯಾ ಎಣ್ಣೆಯಲ್ಲೂ ಅದು ಇರುತ್ತದೆಯೇ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲು ಆ ಇಲಿಗಳ ಕತೆ ಮುಗಿಸಿಬಿಡೋಣ. ಈ ವಿಷಯ ನಾನು ಎಲ್ಲಿ ಮಾತಾಡಿದರೂ ಯಾರಾದರೊಬ್ಬರು ಆ ಚಿತ್ರ ತೆಗೆದು ಮುಂದೆ ಹಿಡಿಯುತ್ತಾರೆ. ನೋಡಿದರೆ ಹೊಟ್ಟೆ ತೊಳಸುತ್ತದೆ, ನಿಜ. ನಿಮ್ಮ ಅಕ್ಕ ಹೆದರಿದ್ದರಲ್ಲಿ ತಪ್ಪೇನಿಲ್ಲ.

ಅದು ಫ್ರಾನ್ಸಿನ ಜಿಲ್-ಎರಿಕ್ ಸೆರಾಲಿನಿ ಮತ್ತು ಅವರ ಜೊತೆಗಾರರು 2012ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಚಿತ್ರ. ಕಳೆನಾಶಕ ಹೊಡೆದರೂ ಸಾಯದ, ಎನ್‌ಕೆ603 ಎಂಬ ಕುಲಾಂತರಿ ಮೆಕ್ಕೆಜೋಳವನ್ನು ಅವರು 2 ವರ್ಷ ಇಲಿಗಳಿಗೆ ತಿನ್ನಿಸಿದರು. ಕೆಲವು ಗುಂಪುಗಳಿಗೆ ರೌಂಡಪ್ ಕಳೆನಾಶಕ ಬೆರೆಸಿದ ನೀರು ಕುಡಿಸಿದರು. ಒಟ್ಟು 200 ಇಲಿಗಳು, ಹತ್ತು ಹತ್ತರ ಗುಂಪುಗಳು. ಇವುಗಳಲ್ಲಿ ಕುಲಾಂತರಿ ಜೋಳವನ್ನೂ ತಿನ್ನದ, ಕಳೆನಾಶಕವನ್ನೂ ಕುಡಿಯದ ಇಲಿಗಳು ಎಷ್ಟು ಗೊತ್ತೇ? ಬರೀ 20. ಹತ್ತು ಗಂಡು, ಹತ್ತು ಹೆಣ್ಣು.

ಅವರು ಬಳಸಿದ ಇಲಿಗಳು ಸ್ಪ್ರೇಗ್-ಡಾಲಿ ಎಂಬ ತಳಿಯವು. ಈ ತಳಿಯ ಇಲಿಗಳನ್ನು ಏನೂ ಮಾಡದೆ ಸುಮ್ನೆ ಸಾಕಿದರೂ ವಯಸ್ಸಾದಂತೆ ಗಡ್ಡೆ ಬರುವುದು ತೀರಾ ಸಾಮಾನ್ಯ. 2 ವರ್ಷ ಅಂದರೆ ಇಲಿಗೆ ಮುಪ್ಪು. ಹಾಗಿರುವಾಗ ಹತ್ತು ಇಲಿಗಳ ಒಂದು ಗುಂಪಿನಲ್ಲಿ ಮೂರಕ್ಕೆ ಗಡ್ಡೆ ಬಂತು, ಇನ್ನೊಂದರಲ್ಲಿ ಐದಕ್ಕೆ ಬಂತು ಅಂದುಕೊಳ್ಳಿ. ಅದು ತಿಂದದ್ದರಿಂದ ಬಂದದ್ದೋ, ಬರಬೇಕಾದದ್ದೇ ಬಂದದ್ದೋ ಹೇಗೆ ಹೇಳುವುದು? ಹತ್ತು ಸಲ ನಾಣ್ಯ ಚಿಮ್ಮಿ ಏಳು ಸಲ ರಾಜ ಬಿದ್ದರೆ ನಾಣ್ಯವೇ ಮೋಸದ್ದು ಅನ್ನುವುದಿಲ್ಲ ಅಲ್ವಾ? ಕ್ಯಾನ್ಸರ್ ಪರೀಕ್ಷೆಗೆಂದೇ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದೊಂದು ಗುಂಪಿಗೂ 50 ಗಂಡು, 50 ಹೆಣ್ಣು ಇಲಿಗಳು ಬೇಕು ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ ನನಗೆ ಇವತ್ತಿಗೂ ಬೇಸರ ತರಿಸುತ್ತದೆ. ಹೋಲಿಕೆಗೆ ಇಟ್ಟಿದ್ದ ಇಲಿಗಳಿಗೂ ಗಡ್ಡೆ ಬಂದಿತ್ತು. ಪ್ರಬಂಧದಲ್ಲಿ ಹಾಕಿದ ಚಿತ್ರಗಳಲ್ಲಿ ಅವುಗಳದ್ದು ಒಂದೂ ಇರಲಿಲ್ಲ. ಪಕ್ಕದಲ್ಲಿ ಅದೂ ಇದ್ದಿದ್ದರೆ ನಿಮ್ಮ ಅಕ್ಕನ ಮೊಬೈಲಿಗೆ ಈ ಚಿತ್ರ ಬರುತ್ತಲೇ ಇರಲಿಲ್ಲವೇನೋ.

ಪತ್ರಿಕೆ 2013ರ ನವೆಂಬರಿನಲ್ಲಿ ಆ ಪ್ರಬಂಧವನ್ನು ಹಿಂದೆಗೆದುಕೊಂಡಿತು. ಮೋಸ ಮಾಡಿದ್ದಾರೆ ಎಂದೇನೂ ಅದು ಹೇಳಲಿಲ್ಲ. ಇಷ್ಟು ಕಡಿಮೆ ಇಲಿಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂಬುದು ಕಾರಣ. ಅದಕ್ಕೆ ಮುಂಚೆ, ಆ ಜೋಳ, ರೌಂಡಪ್ ಎರಡನ್ನೂ ತಯಾರಿಸಿದ ಮೊನ್ಸಾಂಟೊ ಕಂಪನಿಯಲ್ಲಿ ಕೆಲಸ ಮಾಡಿದ್ದ ವಿಜ್ಞಾನಿಯೊಬ್ಬರು ಅದೇ ಪತ್ರಿಕೆಯ ಸಂಪಾದಕರ ತಂಡಕ್ಕೆ ಸೇರಿದ್ದರು. ಹಾಗಾಗಿ ಇದು ಕಂಪನಿಯ ಆಟ ಎಂಬ ಗುಮಾನಿ ಹುಟ್ಟಿತು. ಆ ಗುಮಾನಿ ಪೂರ್ತಿ ಅಸಂಬದ್ಧ ಎಂದು ನಾನು ಹೇಳಲಾರೆ. 2014ರಲ್ಲಿ ಬೇರೊಂದು ಪತ್ರಿಕೆ ಪ್ರಬಂಧವನ್ನು ಮತ್ತೆ ಪ್ರಕಟಿಸಿತು. ಆದರೆ ಪ್ರಕಟವಾದ ಜಾಗ ಬದಲಾದರೆ ಇಲಿಗಳ ಲೆಕ್ಕ ಬದಲಾಗುವುದಿಲ್ಲ.

ಈ ಗಲಾಟೆಯಿಂದ ಒಂದು ಒಳ್ಳೆಯದಾಯಿತು. ಯುರೋಪಿಯನ್ ಒಕ್ಕೂಟ ಸಾರ್ವಜನಿಕ ಹಣ ಕೊಟ್ಟು, ಅದೇ ಎನ್‌ಕೆ603 ಜೋಳವನ್ನು ಮತ್ತೆ 2 ವರ್ಷ ಇಲಿಗಳ ಮೇಲೆ ಪರೀಕ್ಷೆ ಮಾಡಿಸಿತು. ಈ ಸಲ ಗುಂಪುಗಳು ದೊಡ್ಡವು, ವಿಧಾನವನ್ನೂ ಮೊದಲೇ ಎಲ್ಲರ ಮುಂದಿಟ್ಟು ಚರ್ಚಿಸಿದ್ದರು. ಜೋಳದಿಂದ ಯಾವ ಹಾನಿಯೂ ಕಾಣಲಿಲ್ಲ. ಫ್ರಾನ್ಸಿನಲ್ಲೇ ನಡೆದ 6 ತಿಂಗಳ ಇನ್ನೊಂದು ಅಧ್ಯಯನದಲ್ಲೂ ಅದೇ ಉತ್ತರ. ಇವು ಯಾರ ಮೊಬೈಲಿಗೂ ಬರಲಿಲ್ಲ. ಆರೋಗ್ಯವಾಗಿರುವ ಇಲಿಯ ಚಿತ್ರವನ್ನು ಯಾರು ಯಾರಿಗೆ ಕಳಿಸುತ್ತಾರೆ?

ಈಗ ನಿಮ್ಮ ಭಾವನ ವಾದಕ್ಕೆ ಬರೋಣ. ಅವರು ಮುಟ್ಟಿದ ತೀರ್ಮಾನ ಹೆಚ್ಚುಕಡಿಮೆ ಸರಿ, ಅಲ್ಲಿಗೆ ಹೋದ ದಾರಿ ಸರಿಯಿಲ್ಲ. ಕುಲಾಂತರಿ ಸೋಯಾ, ಮೆಕ್ಕೆಜೋಳ, ಹತ್ತಿ ದೊಡ್ಡ ಪ್ರಮಾಣದಲ್ಲಿ ಹೊಲಕ್ಕೆ ಬಂದದ್ದು 1996ರಲ್ಲಿ. ಹೆಚ್ಚು ಬೆಳೆದು, ಹೆಚ್ಚು ತಿಂದ ಅಮೆರಿಕದಲ್ಲಿ ಕುಲಾಂತರಿ ಎಂದು ಚೀಟಿ ಅಂಟಿಸುವುದು ದೇಶದುದ್ದಕ್ಕೂ ಕಡ್ಡಾಯವಾದದ್ದು 2022ರಲ್ಲಿ. ಅಂದರೆ ಅಷ್ಟು ವರ್ಷ ಯಾರು ಎಷ್ಟು ತಿಂದರು ಎಂಬ ಲೆಕ್ಕವೇ ಇಲ್ಲ. ತಿಂದವರು, ತಿನ್ನದವರು ಎಂದು ಬೇರೆ ಮಾಡಲು ಆಗದಿದ್ದರೆ ‘ಯಾರಿಗೂ ಏನೂ ಆಗಿಲ್ಲ’ ಎಂದು ಹೇಳುವುದು ಯಾವ ಧೈರ್ಯದ ಮೇಲೆ? ಸಿಗರೇಟನ್ನೂ ಜನ ದಶಕಗಳ ಕಾಲ ನಿಶ್ಚಿಂತೆಯಿಂದಲೇ ಸೇದಿದ್ದರು.

ಹಾಗಂತ ನೋಡುವ ದಾರಿಯೇ ಇಲ್ಲವೆಂದಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2016ರಲ್ಲಿ ದೊಡ್ಡದೊಂದು ವರದಿ ಕೊಟ್ಟಿತು. 900ಕ್ಕೂ ಹೆಚ್ಚು ಅಧ್ಯಯನಗಳನ್ನು ಕುಳಿತು ಓದಿದ ಸಮಿತಿ ಅದು. ಅವರು ಒಂದು ಜಾಣ ಕೆಲಸ ಮಾಡಿದರು. ಅಮೆರಿಕ, ಕೆನಡಾಗಳಲ್ಲಿ ಜನ 1990ರ ದಶಕದಿಂದ ಈ ಬೆಳೆಗಳನ್ನು ತಿನ್ನುತ್ತಿದ್ದಾರೆ, ಪಶ್ಚಿಮ ಯುರೋಪಿನಲ್ಲಿ ತಿನ್ನುವುದು ತೀರಾ ಕಡಿಮೆ. ಎರಡೂ ಕಡೆಯ ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಬೊಜ್ಜು, ಸಕ್ಕರೆ ಕಾಯಿಲೆ, ಆಟಿಸಂ, ಆಹಾರದ ಅಲರ್ಜಿ ಇವುಗಳ ಏರಿಳಿತವನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕುಲಾಂತರಿಯಿಂದಲೇ ಹೆಚ್ಚಾಯಿತು ಅನ್ನುವಂಥ ಗುರುತು ಎಲ್ಲೂ ಸಿಗಲಿಲ್ಲ. ಸಣ್ಣಪುಟ್ಟ ಪರಿಣಾಮವಿದ್ದರೆ ಈ ಥರದ ಹೋಲಿಕೆಯಲ್ಲಿ ತಪ್ಪಿಸಿಕೊಂಡೀತು ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಪ್ರಾಣಿಗಳ ಲೆಕ್ಕ ಇದಕ್ಕಿಂತ ಗಟ್ಟಿ. ಅಮೆರಿಕದಲ್ಲಿ ಸಾಕುವ ಕೋಳಿ, ಹಂದಿ, ದನಗಳ ಮೇವಿನ ಬಹುಪಾಲು ಕುಲಾಂತರಿ. 1996ಕ್ಕೆ ಮುಂಚಿನ ಮತ್ತು ನಂತರದ ಆರೋಗ್ಯದ ದಾಖಲೆಗಳನ್ನು 2014ರಲ್ಲಿ ಹೋಲಿಸಿ ನೋಡಿದರು. 10 ಸಾವಿರ ಕೋಟಿಗೂ ಹೆಚ್ಚು ಪ್ರಾಣಿಗಳ ಲೆಕ್ಕ ಅದು. ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಅಕ್ಕ ಇದಕ್ಕೆ ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು: ಮಾಂಸದ ಕೋಳಿ ಬದುಕುವುದೇ ಆರೇಳು ವಾರ, ಅದಕ್ಕೆ ಕ್ಯಾನ್ಸರ್ ಬರಲು ಪುರುಸೊತ್ತೆಲ್ಲಿ? ಸರಿಯಾದ ಮಾತು. ವರ್ಷಗಟ್ಟಲೆ ಬದುಕುವ ಹಾಲಿನ ಹಸುಗಳೂ ಆ ಲೆಕ್ಕದಲ್ಲಿದ್ದವು ಎಂಬುದಷ್ಟೇ ಅದಕ್ಕೆ ನನ್ನ ಉತ್ತರ.

ಜೀನು ಮೈಗೆ ಸೇರುವ ನಿಮ್ಮ ಅನುಮಾನಕ್ಕೆ ಉತ್ತರ ಚಿಕ್ಕದು. ಒಂದು ಮೆಕ್ಕೆಜೋಳದ ಕಾಳಿನ ಒಂದೊಂದು ಜೀವಕೋಶದಲ್ಲೂ 30 ಸಾವಿರಕ್ಕೂ ಹೆಚ್ಚು ಜೀನುಗಳಿವೆ. ಎಲೆ, ಕಾಳು, ಮೀನು, ಮಾಂಸ ಏನೇ ತಿಂದರೂ ಜೀನು ತಿಂದೇ ತಿನ್ನುತ್ತೇವೆ. ಹೊಟ್ಟೆ, ಕರುಳು ಅದನ್ನು ಚೂರು ಚೂರು ಮಾಡುತ್ತವೆ. ಕೆಲವು ತುಣುಕುಗಳು ರಕ್ತದಲ್ಲಿ ಸಿಕ್ಕಿದ್ದೂ ಉಂಟು, ಆದರೆ ಮಾಮೂಲಿ ಆಹಾರದ ತುಣುಕುಗಳೂ ಹಾಗೇ ಸಿಗುತ್ತವೆ. ಅವು ನಮ್ಮ ಜೀವಕೋಶದೊಳಗೆ ಹೊಕ್ಕು, ನಮ್ಮ ಡಿಎನ್‌ಎಗೆ ಅಂಟಿಕೊಂಡು ಕೆಲಸ ಮಾಡಿದ ಪುರಾವೆ ಇಲ್ಲ. ಸೇರಿಸಿದ ಒಂದೆರಡು ಜೀನುಗಳಿಗೆ ಉಳಿದ 30 ಸಾವಿರಕ್ಕೆ ಇಲ್ಲದ ಶಕ್ತಿ ಎಲ್ಲಿಂದ ಬರಬೇಕು? ಈ ಅನುಮಾನ ನಿಮ್ಮೊಬ್ಬರದ್ದೇ ಅಲ್ಲ, ನಾಚಿಕೆ ಬೇಡ. ಅಮೆರಿಕದ ಒಕ್ಲಹಾಮ ಸ್ಟೇಟ್ ವಿಶ್ವವಿದ್ಯಾಲಯ 2015ರಲ್ಲಿ ಒಂದು ಸಮೀಕ್ಷೆ ಮಾಡಿತ್ತು. ‘ಡಿಎನ್‌ಎ ಇರುವ ಆಹಾರ’ಕ್ಕೆ ಎಚ್ಚರಿಕೆಯ ಚೀಟಿ ಕಡ್ಡಾಯ ಮಾಡಬೇಕೇ ಎಂದು ಕೇಳಿದರೆ ಶೇ. 80ಕ್ಕೂ ಹೆಚ್ಚು ಜನ ಹೌದು ಅಂದಿದ್ದರು!

ಇನ್ನೊಂದು ತಮಾಷೆ ಕೇಳಿ. ಗಿಡಕ್ಕೆ ಜೀನು ಸೇರಿಸಲು ವಿಜ್ಞಾನಿಗಳು ಹೆಚ್ಚಾಗಿ ಬಳಸುವುದು ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾವನ್ನು. ತನ್ನ ಜೀನನ್ನು ಗಿಡದೊಳಗೆ ತುರುಕುವುದು ಅದರ ಹುಟ್ಟುಗುಣ. 2015ರಲ್ಲಿ ಸಿಹಿಗೆಣಸನ್ನು ಪರೀಕ್ಷಿಸಿದರೆ, ಕೃಷಿಯಲ್ಲಿರುವ 291 ಮಾದರಿಗಳಲ್ಲೂ ಈ ಬ್ಯಾಕ್ಟೀರಿಯಾದ ಜೀನುಗಳು ಸಿಕ್ಕವು. ಸಾವಿರಾರು ವರ್ಷಗಳ ಹಿಂದೆ ಯಾವ ಪ್ರಯೋಗಾಲಯವೂ ಇಲ್ಲದೆ ನಡೆದ ಕುಲಾಂತರ ಅದು. ನಾವು ಅಂದಿನಿಂದ ತಿನ್ನುತ್ತಲೇ ಇದ್ದೇವೆ.

ಹಾಗಾದರೆ ತಿನ್ನುವ ವಿಷಯದಲ್ಲಿ ಕಣ್ಣಿಡಬೇಕಾದದ್ದು ಎಲ್ಲಿ? ಜೀನಿನ ಮೇಲಲ್ಲ, ಅದು ಗಿಡದಲ್ಲಿ ಮಾಡಿಸುವ ಪ್ರೋಟೀನಿನ ಮೇಲೆ. ಅದಕ್ಕೇ ‘ಕುಲಾಂತರಿ ಸುರಕ್ಷಿತವೇ’ ಎಂಬ ಪ್ರಶ್ನೆಗೆ ನಾನು ಹೌದು, ಇಲ್ಲ ಎರಡೂ ಹೇಳುವುದಿಲ್ಲ. ಯಾವ ಬೆಳೆ, ಯಾವ ಪ್ರೋಟೀನು ಎಂದು ತಿರುಗಿ ಕೇಳುತ್ತೇನೆ.

ಬಿಟಿಯನ್ನೇ ತೆಗೆದುಕೊಳ್ಳಿ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಹೆಸರಿನ ಚಿಕ್ಕ ರೂಪ ಅದು. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳುಗಳು ಯಾಕೆ ಸಾಯುತ್ತಿವೆ ಎಂದು ಹುಡುಕುವಾಗ ಸಿಕ್ಕಿದ್ದು. ಆಮೇಲೆ ಜರ್ಮನಿಯ ಥುರಿಂಜಿಯಾದಲ್ಲಿ ಮತ್ತೆ ಸಿಕ್ಕಿ, ಅಲ್ಲಿಯ ಹೆಸರು ಅಂಟಿಕೊಂಡಿತು. ಇದರ ಪ್ರೋಟೀನು ಕೆಲವು ಹುಳುಗಳ ಕ್ಷಾರಗುಣದ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಯಲ್ಲಿರುವ ಒಂದು ಬೀಗಕ್ಕೆ ಕೀಲಿಯಂತೆ ಕೂತು ತೂತು ಕೊರೆಯುತ್ತದೆ. ಹುಳು ತಿನ್ನುವುದು ಬಿಟ್ಟು ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ಆ ಬೀಗವೂ ನಮ್ಮಲ್ಲಿಲ್ಲ. ಸಾವಯವ ಕೃಷಿಕರು ಇದೇ ಬ್ಯಾಕ್ಟೀರಿಯಾವನ್ನು ದಶಕಗಳಿಂದ ಸಿಂಪಡಿಸುತ್ತಿದ್ದಾರೆ. ಆದರೆ ಇಲ್ಲೊಂದು ಸಣ್ಣ ಮೋಸದ ವಾದವೂ ಇದೆ. ಸಿಂಪಡಿಸಿದ್ದು ಬಿಸಿಲು, ಮಳೆಗೆ ಬೇಗ ಹಾಳಾಗುತ್ತದೆ. ಬಿಟಿ ಗಿಡ ಅದನ್ನು ತನ್ನ ಮೈಯೊಳಗೇ ದಿನವೂ ತಯಾರಿಸುತ್ತದೆ. ಎರಡೂ ಒಂದೇ ಪ್ರಮಾಣವಲ್ಲ, ಆದ್ದರಿಂದ ಗಿಡದ ಬಿಟಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಪರೀಕ್ಷಿಸಿದ್ದಾರೆ ಕೂಡ.

ಅಲರ್ಜಿಯ ಭಯ ಮಾತ್ರ ಕಲ್ಪನೆಯದ್ದಲ್ಲ. ಸೋಯಾದಲ್ಲಿ ಮೆಥಿಯೊನಿನ್ ಎಂಬ ಪೋಷಕಾಂಶ ಕಡಿಮೆ. ಬೀಜದ ಕಂಪನಿಯೊಂದು ಪಶು ಆಹಾರಕ್ಕೆಂದು ಅದನ್ನು ಹೆಚ್ಚಿಸಲು ಹೊರಟು, ಬ್ರೆಜಿಲ್ ನಟ್‌ನ ಒಂದು ಜೀನನ್ನು ಸೋಯಾಗೆ ಸೇರಿಸಿತು. ಬ್ರೆಜಿಲ್ ನಟ್ ಕೆಲವರಿಗೆ ಜೀವಕ್ಕೇ ಕುತ್ತು ತರುವಷ್ಟು ಅಲರ್ಜಿ. ಹಾಗಾಗಿ ಅಲರ್ಜಿ ಇರುವವರ ರಕ್ತದ ಸೀರಂ, ಅಂದರೆ ರಕ್ತದ ತಿಳಿ ಭಾಗ ತೆಗೆದುಕೊಂಡು ಪರೀಕ್ಷಿಸಿದರು. ನೋಡಿದರೆ, ಸಾಗಿಸಿದ್ದ ಪ್ರೋಟೀನೇ ಅಲರ್ಜಿ ತರುವ ಪ್ರೋಟೀನು! 1996ರಲ್ಲಿ ಆ ಅಧ್ಯಯನ ಪ್ರಕಟವಾಯಿತು, ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ನೋಡಿ, ವ್ಯವಸ್ಥೆ ಕೆಲಸ ಮಾಡಿತು ಎಂದು ಕುಲಾಂತರಿಯ ಪರ ಇರುವವರು ಹೇಳುತ್ತಾರೆ. ನೋಡಿ, ಅಪಾಯ ನಿಜ ಎಂದು ವಿರೋಧಿಗಳು ಹೇಳುತ್ತಾರೆ. ಇಬ್ಬರೂ ಹಿಡಿದಿರುವುದು ಒಂದೇ ಸೋಯಾವನ್ನು. ಇಲ್ಲಿ ಎಲ್ಲಿ ಹುಡುಕಬೇಕೆಂದು ಮೊದಲೇ ಗೊತ್ತಿತ್ತು. ಮನುಷ್ಯ ಎಂದೂ ತಿನ್ನದ ಪ್ರೋಟೀನಿಗೆ ಅಂಥ ಸೀರಂ ಎಲ್ಲಿಂದ ತರುವುದು? ಅಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಗೊತ್ತಿರುವ ಅಲರ್ಜಿ ಪ್ರೋಟೀನುಗಳ ಜೊತೆ ಹೋಲಿಕೆ ಇದೆಯೇ, ಹೊಟ್ಟೆಯ ರಸದಲ್ಲಿ ಬೇಗ ಒಡೆಯುತ್ತದೆಯೇ, ಬಿಸಿ ಮಾಡಿದರೆ ಹಾಳಾಗುತ್ತದೆಯೇ ಎಂದು ನೋಡುತ್ತಾರೆ. ಒಳ್ಳೆಯ ಪರೀಕ್ಷೆಗಳೇ, ನೂರಕ್ಕೆ ನೂರು ಭರವಸೆ ಕೊಡುವಂಥವಲ್ಲ.

ಇದೇ ಕಾರಣಕ್ಕೆ ಸ್ಟಾರ್‌ಲಿಂಕ್ ಎಂಬ ಬಿಟಿ ಮೆಕ್ಕೆಜೋಳ ಸಿಕ್ಕಿಬಿತ್ತು. ಅದರ ಪ್ರೋಟೀನು ಹೊಟ್ಟೆಯ ರಸದಲ್ಲಿ ಬೇಗ ಒಡೆಯುತ್ತಿರಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಜನರ ಊಟಕ್ಕಲ್ಲ, ದನಕರುಗಳ ಮೇವಿನಂಥ ಬಳಕೆಗೆ ಮಾತ್ರ ಅನುಮತಿ ಕೊಟ್ಟರು. 2000ರಲ್ಲಿ ಅದು ಜನ ತಿನ್ನುವ ಟ್ಯಾಕೊಗಳಲ್ಲಿ ಸಿಕ್ಕಿತು. ಅಂಗಡಿಗಳಿಂದ ರಾಶಿ ರಾಶಿ ತಿಂಡಿ ವಾಪಸ್ ತರಿಸಬೇಕಾಯಿತು. ತಮಗೆ ಅಲರ್ಜಿ ಆಯಿತು ಎಂದವರಲ್ಲಿ 28 ಜನರ ರಕ್ತವನ್ನು ಸರ್ಕಾರದ ರೋಗ ನಿಯಂತ್ರಣ ಕೇಂದ್ರ ಪರೀಕ್ಷಿಸಿತು. ಆ ಪ್ರೋಟೀನಿನಿಂದಲೇ ಅಲರ್ಜಿ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಯಾರಿಗೂ ತೊಂದರೆ ಆಯಿತೆಂದು ಸಾಬೀತಾಗಲಿಲ್ಲ, ಬಿಡಿ. ಆದರೆ ಮೇವಿನ ಜೋಳ ಬೇರೆ, ಊಟದ ಜೋಳ ಬೇರೆ ಎಂದು ಕಾಗದದಲ್ಲಿ ಬರೆದರೆ ಗೋದಾಮಿನಲ್ಲಿ ಬೇರೆಯಾಗಿ ಉಳಿಯುವುದಿಲ್ಲ ಎಂಬುದು ಅಂದು ಗೊತ್ತಾಯಿತು. ಕಾಗದದ ಮೇಲಿನ ಷರತ್ತುಗಳನ್ನು ನಂಬುವುದನ್ನು ನಾನು ಆಗಿನಿಂದ ಬಿಟ್ಟಿದ್ದೇನೆ.

ಇಷ್ಟು ಕೇಳಿದ ಮೇಲೆ ಮಾಮೂಲಿ ತಳಿಗಳೇ ವಾಸಿ ಅನ್ನಿಸಬಹುದು. ತಡೆಯಿರಿ. 1960ರ ದಶಕದಲ್ಲಿ ಅಮೆರಿಕದಲ್ಲಿ ಲೆನಾಪೆ ಎಂಬ ಆಲೂಗಡ್ಡೆ ಬಂತು. ಬರೀ ಪರಾಗ ಸೇರಿಸಿ ಬೆಳೆಸಿದ ತಳಿ, ಚಿಪ್ಸಿಗೆ ಹೇಳಿ ಮಾಡಿಸಿದಂತಿತ್ತು. ತಿಂದವರಿಗೆ ವಾಕರಿಕೆ. ಪರೀಕ್ಷಿಸಿದರೆ ಆಲೂಗಡ್ಡೆಯ ಸಹಜ ವಿಷ ಸೊಲನಿನ್ ಅದರಲ್ಲಿ ಮಿತಿ ಮೀರಿತ್ತು. 1970ರಲ್ಲಿ ಹಿಂದೆಗೆದುಕೊಂಡರು. ಬೀಜಕ್ಕೆ ವಿಕಿರಣ ಹಾಯಿಸಿ, ರಾಸಾಯನಿಕ ಉಣಿಸಿ, ಜೀನುಗಳನ್ನು ಸಿಕ್ಕಾಪಟ್ಟೆ ಕದಡಿ ಪಡೆದ ತಳಿಗಳು ಜಗತ್ತಿನಲ್ಲಿ 3 ಸಾವಿರಕ್ಕೂ ಹೆಚ್ಚಿವೆ. ಬಹುತೇಕ ದೇಶಗಳಲ್ಲಿ ಅವನ್ನು ಯಾರೂ ಪರೀಕ್ಷೆ ಕೇಳುವುದಿಲ್ಲ, ಚೀಟಿಯೂ ಇಲ್ಲ. ಎಲ್ಲಿ ಏನು ಬದಲಾಯಿತು ಎಂದು ಗೊತ್ತಿರುವ ಗಿಡಕ್ಕೆ ಹತ್ತು ಪರೀಕ್ಷೆ, ಗೊತ್ತಿಲ್ಲದ ಗಿಡಕ್ಕೆ ಒಂದೂ ಇಲ್ಲ. ಇದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನಿಮ್ಮ ಅಕ್ಕನ ಬಾಯಲ್ಲಿ ಬರಬಹುದಾದ ಇನ್ನೊಂದು ಆಕ್ಷೇಪ: ಪರೀಕ್ಷೆ ಮಾಡಿದವರೇ ಮಾರುವವರಲ್ಲವೇ? ಹೌದು. ಅನುಮತಿಗೆ ಕೊಡುವ ಮಾಹಿತಿಯ ಹೆಚ್ಚಿನ ಭಾಗ ಕಂಪನಿಗಳೇ ಮಾಡಿಸಿದ್ದು. ಔಷಧಿಗಳ ವಿಷಯದಲ್ಲೂ ಹಾಗೇ, ಆದರೆ ಅದೇ ಸಮಾಧಾನ ಆಗಲಾರದು. ಅಮೆರಿಕದಲ್ಲಂತೂ ಆಹಾರ ಇಲಾಖೆಯ ಜೊತೆ ಈ ವಿಷಯ ಸಮಾಲೋಚಿಸುವುದು ಕಂಪನಿಗಳಿಗೆ ಬಿಟ್ಟದ್ದು, ಕಾನೂನಿನ ಕಡ್ಡಾಯವಲ್ಲ. ಸಾಮಾನ್ಯವಾಗಿ ಎಲ್ಲರೂ ಮಾಡುತ್ತಾರೆ, ಅಷ್ಟೆ. ಈ ದೂರಿನಲ್ಲಿ ನಾನು ನಿಮ್ಮ ಅಕ್ಕನ ಕಡೆ. ಆದರೂ ಎಲ್ಲವೂ ಕಂಪನಿ ದುಡ್ಡು ಅನ್ನುವುದು ಸರಿಯಲ್ಲ. ಯುರೋಪಿಯನ್ ಒಕ್ಕೂಟ 2010ರಲ್ಲಿ ತಾನೇ ಹಣ ಕೊಟ್ಟು ಮಾಡಿಸಿದ ಸಂಶೋಧನೆಗಳ ಲೆಕ್ಕ ಕೊಟ್ಟಿತು. 25 ವರ್ಷ, 130ಕ್ಕೂ ಹೆಚ್ಚು ಯೋಜನೆಗಳು, 500ಕ್ಕೂ ಹೆಚ್ಚು ಸ್ವತಂತ್ರ ತಂಡಗಳು. ಕುಲಾಂತರಿ ಎಂಬ ಒಂದೇ ಕಾರಣಕ್ಕೆ ಅಪಾಯ ಜಾಸ್ತಿ ಎಂದು ಕಾಣಲಿಲ್ಲ. ಕುಲಾಂತರಿಗೆ ಅಷ್ಟು ವಿರೋಧ ಇರುವ ಕಡೆಯಿಂದ ಬಂದ ಮಾತಿದು.

ತಟ್ಟೆಯ ವಿಷಯ ಇಲ್ಲಿಗೆ ಬಿಟ್ಟು ಹೊಲಕ್ಕೆ ಹೋಗೋಣ. ನನ್ನ ಪ್ರಕಾರ ನಿಜವಾದ ಜಗಳ ಇರುವುದು ಅಲ್ಲಿ.

ಜಗತ್ತಿನ ಕುಲಾಂತರಿ ಬೆಳೆಗಳಲ್ಲಿ ದೊಡ್ಡ ಪಾಲು ಕಳೆನಾಶಕ ತಡೆದುಕೊಳ್ಳುವಂಥವು. ರೌಂಡಪ್‌ನಲ್ಲಿರುವ ಗ್ಲೈಫೋಸೇಟ್ ಎಂಬ ರಾಸಾಯನಿಕ ಹೊಡೆದರೆ ಕಳೆ ಸಾಯುತ್ತದೆ, ಬೆಳೆ ಉಳಿಯುತ್ತದೆ. ಈ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರ ಮಾರ್ಚಿನಲ್ಲಿ ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವ’ ವಸ್ತುಗಳ ಗುಂಪಿಗೆ ಸೇರಿಸಿತು. ಅದೇ ವರ್ಷ ನವೆಂಬರಿನಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆ ಎಂದಿತು. ಜನ ಗೊಂದಲಕ್ಕೆ ಬೀಳದೆ ಇನ್ನೇನು ಮಾಡಬೇಕು? ಇಬ್ಬರೂ ನೋಡಿದ ಪುರಾವೆ ಒಂದೇ ಆಗಿರಲಿಲ್ಲ: ಯುರೋಪಿನ ಸಂಸ್ಥೆ ಗ್ಲೈಫೋಸೇಟ್ ಒಂದನ್ನೇ ನೋಡಿತು, ಕ್ಯಾನ್ಸರ್ ಘಟಕ ಅದನ್ನು ಬೆರೆಸಿ ಮಾಡಿದ ಕಳೆನಾಶಕಗಳ ಅಧ್ಯಯನಗಳನ್ನೂ ಸೇರಿಸಿಕೊಂಡಿತು. ಆ ಘಟಕದ ಗುಂಪು ಹೇಳುವುದು ಈ ವಸ್ತುವಿಗೆ ಕ್ಯಾನ್ಸರ್ ತರುವ ಗುಣ ಇರಬಹುದೇ ಎಂಬುದನ್ನು ಮಾತ್ರ. ನಮಗೆ ತಗಲುವ ಪ್ರಮಾಣದಲ್ಲಿ ತರುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಕೆಂಪು ಮಾಂಸವೂ, 65 ಡಿಗ್ರಿಗಿಂತ ಬಿಸಿಯಾದ ಪಾನೀಯವೂ ಅದೇ ಗುಂಪಿನಲ್ಲಿವೆ. ಅಷ್ಟಾಗಿಯೂ, ಊಟದಲ್ಲಿ ಒಂದು ಚೂರು ಉಳಿಕೆ ತಿನ್ನುವವರಿಗೂ, ವರ್ಷಗಟ್ಟಲೆ ಬೆನ್ನ ಮೇಲೆ ಸ್ಪ್ರೇ ಕ್ಯಾನು ಹೊತ್ತು ಹೊಡೆಯುವವರಿಗೂ ವ್ಯತ್ಯಾಸವಿದೆ. ರೌಂಡಪ್ ಮೇಲೆ ಅಮೆರಿಕದಲ್ಲಿ ಸಾವಿರಾರು ಜನ ಹೂಡಿದ ಮೊಕದ್ದಮೆಗಳು ಮುಖ್ಯವಾಗಿ ಹೀಗೆ ಹೊಡೆದವರದ್ದು. ಮೊನ್ಸಾಂಟೊವನ್ನು 2018ರಲ್ಲಿ ಕೊಂಡ ಬೇಯರ್ ಕಂಪನಿ, 2020ರಲ್ಲಿ ತಪ್ಪೊಪ್ಪಿಕೊಳ್ಳದೆಯೇ ಸಾವಿರ ಕೋಟಿ ಡಾಲರಿಗೂ ಮೀರಿದ ರಾಜಿಗೆ ಒಪ್ಪಿತು.

ಇದರಲ್ಲಿ ಕುಲಾಂತರಿಯ ಪಾಲೆಷ್ಟು? ಜೀನು ತಾನೇ ವಿಷವಲ್ಲ. ಆದರೆ ಆ ಜೀನು ಇರುವುದೇ ಕಳೆನಾಶಕ ಧಾರಾಳವಾಗಿ ಹೊಡೆಯಲಿ ಎಂದು. ಒಂದೇ ಔಷಧಿ, ವರ್ಷ ವರ್ಷವೂ, ಲಕ್ಷಾಂತರ ಎಕರೆಗೆ. ಕಳೆಗಳೇನು ಸುಮ್ಮನೆ ಕೂರುತ್ತವೆಯೇ? ಅಮೆರಿಕದಲ್ಲಿ ಪಾಮರ್ ಅಮರಾಂತ್ ಎಂಬ ದಂಟಿನ ಜಾತಿಯ ಕಳೆ ಗ್ಲೈಫೋಸೇಟಿಗೆ ಜಗ್ಗದಂತಾಯಿತು. ಅದಕ್ಕೆ ಮದ್ದೆಂದು ಡೈಕಾಂಬಾ ಎಂಬ ಇನ್ನೊಂದು ಕಳೆನಾಶಕ ತಡೆಯುವ ಬೆಳೆ ತಂದರು. ಡೈಕಾಂಬಾ ಗಾಳಿಯಲ್ಲಿ ತೇಲಿ ಹೋಗಿ 2017ರಲ್ಲಿ ಪಕ್ಕದವರ ಸುಮಾರು 36 ಲಕ್ಷ ಎಕರೆ ಸೋಯಾ ಮುರುಟಿಸಿತು ಎಂದು ಅಂದಾಜು. ‘ಕುಲಾಂತರಿಯಿಂದ ಯಾರಿಗೂ ತೊಂದರೆಯಾಗಿಲ್ಲ’ ಎಂದು ಆ ರೈತರ ಮುಂದೆ ನಿಂತು ಹೇಳಲು ನಿಮ್ಮ ಭಾವನಿಗೂ ಬಾಯಿ ಬರಲಿಕ್ಕಿಲ್ಲ. ಇನ್ನೊಂದು ಕಡೆ, ಕೆಲವು ದೇಶಗಳಲ್ಲಿ ಕುಲಾಂತರಿಯೇ ಅಲ್ಲದ ಗೋಧಿ, ಓಟ್ಸ್‌ಗೂ ಕೊಯ್ಲಿಗೆ ಮುಂಚೆ ಬೇಗ ಒಣಗಲೆಂದು ಇದೇ ಗ್ಲೈಫೋಸೇಟ್ ಹೊಡೆಯುತ್ತಾರೆ. ಚೀಟಿಯಲ್ಲಿ ‘ಕುಲಾಂತರಿ ಅಲ್ಲ’ ಎಂದಿದ್ದರೆ ಕಳೆನಾಶಕವೂ ಇಲ್ಲ ಎಂದುಕೊಳ್ಳಬೇಡಿ.

ಬಿಟಿ ಬೆಳೆಗಳ ಲೆಕ್ಕ ಬೇರೆ. 147 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಲೆಕ್ಕ ಹಾಕಿದಾಗ, ಕುಲಾಂತರಿ ಬೆಳೆದಲ್ಲಿ ರಾಸಾಯನಿಕ ಔಷಧಿಗಳ ಬಳಕೆ ಸರಾಸರಿ ಶೇ. 37 ಇಳಿದಿತ್ತು, ಇಳುವರಿ ಶೇ. 22 ಏರಿತ್ತು. ಔಷಧಿ ಇಳಿದದ್ದು ಮುಖ್ಯವಾಗಿ ಕೀಟ ತಡೆಯುವ ಬೆಳೆಗಳಲ್ಲಿ. ಹೊಲದಲ್ಲಿ ವಿಷ ಹೊಡೆಯುವವನ ಆರೋಗ್ಯ ಲೆಕ್ಕಕ್ಕೆ ಹಿಡಿದರೆ ಇದು ಸಣ್ಣ ಸುರಕ್ಷತೆಯಲ್ಲ. ಆದರೆ ಅದು ಎಷ್ಟು ದಿನ ಉಳಿಯುತ್ತದೆ ಎಂಬುದು ಜೀನಿನ ಕೈಯಲ್ಲಿಲ್ಲ. ಹತ್ತಿಯ ಗುಲಾಬಿ ಕಾಯಿಕೊರಕದ ಕತೆ ಕೇಳಿ. ಅಮೆರಿಕದ ಅರಿಜೋನಾ ಕಡೆಯ ರೈತರು ಬಿಟಿ ಹತ್ತಿಯ ಜೊತೆ ಬಿಟಿ ಅಲ್ಲದ ಹತ್ತಿಯನ್ನೂ ಆಶ್ರಯ ಬೆಳೆಯಾಗಿ ಬೆಳೆದರು. ಬಿಟಿಗೆ ಬಗ್ಗದ ಅಪರೂಪದ ಹುಳು, ಬಗ್ಗುವ ಹುಳುವಿನ ಜೊತೆ ಕೂಡಿ ಕರಗಿಹೋಗಲಿ ಎಂಬ ಲೆಕ್ಕ ಅದು. ಆಮೇಲೆ ಸಂತಾನ ಆಗದಂತೆ ಮಾಡಿದ ಪತಂಗಗಳನ್ನು ವಿಮಾನದಿಂದ ಹೊಲಗಳ ಮೇಲೆ ಬಿಟ್ಟರು. 2018ರಲ್ಲಿ ಆ ದೇಶದ ಹತ್ತಿ ಹೊಲಗಳಲ್ಲಿ ಈ ಹುಳು ನಿರ್ಮೂಲವಾಯಿತು ಎಂದು ಘೋಷಿಸಿದರು. ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಆಶ್ರಯ ಬೆಳೆ ಬೆಳೆದವರು ಕಡಿಮೆ, ಹತ್ತಿಯನ್ನು ಹೊಲದಲ್ಲಿ ತಿಂಗಳುಗಟ್ಟಲೆ ಬಿಟ್ಟದ್ದು ಜಾಸ್ತಿ. ಮೊದಲ ಬಿಟಿಗೆ ಹುಳು ಒಗ್ಗಿಕೊಂಡಿತು, ಎರಡು ಜೀನಿನ ಬಿಟಿ ತಂದರೆ ಕೆಲವೇ ವರ್ಷಗಳಲ್ಲಿ ಅದಕ್ಕೂ ಒಗ್ಗಿಕೊಂಡಿತು. ಅದೇ ಹುಳು, ಅದೇ ತಂತ್ರಜ್ಞಾನ. ಪ್ರಯೋಗಾಲಯದ ಇಲಿಗಳಿಗೆ ಏನು ತಿನ್ನಿಸಿದರೂ ಈ ವ್ಯತ್ಯಾಸ ಮೊದಲೇ ಗೊತ್ತಾಗುತ್ತಿರಲಿಲ್ಲ.

ಇನ್ನು ಬೀಜದ ಒಡೆತನ. ಪೇಟೆಂಟು, ಪ್ರತಿ ವರ್ಷ ಬೀಜ ಕೊಳ್ಳುವುದು, ನಾಲ್ಕಾರು ಕಂಪನಿಗಳ ಕೈಯಲ್ಲಿ ಬೀಜದ ಮಾರುಕಟ್ಟೆ. ನನಗೆ ಕಂಡಂತೆ ಸುರಕ್ಷತೆಯ ಹೆಸರಿನಲ್ಲಿ ಜಗಳವಾಡುವ ಎಷ್ಟೋ ಜನರ ಒಳಗಿನ ಸಿಟ್ಟು ಇದು. ನ್ಯಾಯವಾದ ಸಿಟ್ಟೇ. ಆದರೆ ‘ಈ ಕಂಪನಿಗೆ ನನ್ನ ಬೀಜ ಒಪ್ಪಿಸಲಾರೆ’ ಅನ್ನುವುದಕ್ಕಿಂತ ‘ಇದು ಕ್ಯಾನ್ಸರ್ ತರುತ್ತದೆ’ ಅನ್ನುವುದು ಜನರ ಕಿವಿಗೆ ಬೇಗ ಬೀಳುತ್ತದೆ. ಹಾಗೆ ಮಾಡಿದಾಗ, ಯಾವ ಕಂಪನಿಯ ಲಾಭಕ್ಕೂ ಹುಟ್ಟದ ಬೆಳೆಗಳೂ ಅದೇ ಏಟು ತಿನ್ನುತ್ತವೆ. ಹವಾಯಿಯ ಪಪ್ಪಾಯಿ ತೋಟಗಳನ್ನು 1990ರ ದಶಕದಲ್ಲಿ ರಿಂಗ್‌ಸ್ಪಾಟ್ ವೈರಸ್ ಮುಗಿಸುತ್ತಾ ಬಂದಿತ್ತು. ಡೆನ್ನಿಸ್ ಗೊನ್ಸಾಲ್ವಿಸ್ ಎಂಬ ವಿಜ್ಞಾನಿಯ ತಂಡ ವೈರಸ್ಸಿನದೇ ಒಂದು ತುಣುಕು ಸೇರಿಸಿ ತಡೆಯುವ ಪಪ್ಪಾಯಿ ಮಾಡಿತು. 1998ರಲ್ಲಿ ಬೀಜ ಹಂಚಿದರು, ತೋಟಗಳು ಉಳಿದವು. ಕಳೆನಾಶಕದ ಸೋಯಾವನ್ನೂ ಈ ಪಪ್ಪಾಯಿಯನ್ನೂ ಒಂದೇ ಹೆಸರಿನಲ್ಲಿ ಕರೆದು ಒಂದೇ ತೀರ್ಪು ಕೊಡುವುದು ನನಗೆ ಸಾಧ್ಯವಿಲ್ಲ.

ಕೊನೆಗೆ ನಿಮ್ಮ ಸೋಯಾ ಎಣ್ಣೆ. ಜೀನೂ ಪ್ರೋಟೀನೂ ಇರುವುದು ಕಾಳಿನಲ್ಲಿ. ಎಣ್ಣೆ ತೆಗೆದು, ಸೋಸಿ, ಶುದ್ಧ ಮಾಡುವಾಗ ಅವೆರಡೂ ಹಿಂಡಿಯ ಜೊತೆ ಹೋಗುತ್ತವೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಉಳಿಯುವುದು ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ಕುಲಾಂತರಿ ಸೋಯಾದ ಎಣ್ಣೆಯನ್ನೂ ಮಾಮೂಲಿ ಸೋಯಾದ ಎಣ್ಣೆಯನ್ನೂ ಪರೀಕ್ಷೆಯಲ್ಲಿ ಗುರುತಿಸುವುದೇ ಕಷ್ಟ. ಕೊಬ್ಬಿನ ಗುಣವನ್ನೇ ಬದಲಿಸಿದ ಕೆಲವು ಸೋಯಾ ತಳಿಗಳೂ ಇವೆ, ಅವುಗಳ ಎಣ್ಣೆ ಬೇರೆ. ಮಾಮೂಲಿ ಎಣ್ಣೆ ಕರಿಯುವಾಗ ಯೋಚಿಸಬೇಕಾದದ್ದು ಎಷ್ಟು ಹಾಕಿದಿರಿ, ಎಷ್ಟು ಸಲ ಕಾಯಿಸಿದಿರಿ ಎಂಬುದನ್ನು. ಹಾಂ, ಮನೆಯಲ್ಲಿ ಯಾರಿಗಾದರೂ ಸೋಯಾ ಅಲರ್ಜಿ ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಬಳಸಿ. ಅದಕ್ಕೂ ಕುಲಾಂತರಿಗೂ ಸಂಬಂಧವಿಲ್ಲ, ಆ ಅಲರ್ಜಿ ಯಾವ ಸೋಯಾದಿಂದಲೂ ಬರುತ್ತದೆ.